ಕಾರಿನ ರೈಲು ಹುಮನಾಬಾದಿನಿಂದಲೇ ಹೊರಡಲಿ

ಮಹಾರಾಷ್ಟ್ರದ ಕೋಲಾಡದ ರೈಲಿನ ಸುದ್ದಿ ನಿಮಗೆ ಗೊತ್ತೇ ಇದೆ. 2025ರ ಗಣಪತಿ ಹಬ್ಬದ ಹೊತ್ತಿಗೆ ಕೊಂಕಣ ರೈಲ್ವೆಯವರು ಮಂದಿಯ ಜೊತೆ ಅವರ ಕಾರುಗಳನ್ನೂ ಹತ್ತಿಸಿಕೊಂಡು ಗೋವಾದ ವೆರ್ಣಾಕ್ಕೆ ಹೊರಟರಲ್ಲ, ಅದೇ. ಕಾರು ವ್ಯಾಗನ್ ಮೇಲೆ, ಕಾರಿನವರು ಅದೇ ರೈಲಿಗೆ ಜೋಡಿಸಿದ ಬೋಗಿಯೊಳಗೆ. ಸಂಜೆ ಐದಕ್ಕೆ ಕೋಲಾಡ ಬಿಟ್ಟರೆ ಬೆಳಗಿನ ಐದಕ್ಕೆ ವೆರ್ಣಾ ಮುಟ್ಟುತ್ತಿತ್ತು. ಆಗ ಒಂದು ಕಾರಿಗೆ 7,875 ರೂಪಾಯಿ ಇತ್ತು, ಮನುಷ್ಯರ ಟಿಕೆಟ್ ಬೇರೆ. ಆವತ್ತಿನಿಂದ ನಮ್ಮ ಬಸವಕಲ್ಯಾಣದ ಓಣಿಯಲ್ಲಿ ಕಂಪೌಂಡ್ ಗೋಡೆಗೆ ಮೊಳಕೈ ಊರಿ ನಿಂತವರದೆಲ್ಲ ಒಂದೇ ಮಾತು. ಬೆಂಗಳೂರಿಗೆ ಹೋಗುವ ಅಂಥ ರೈಲು ನಮ್ಮ ಕಡೆಗೂ ಬಂದರೆ ಎಲ್ಲಿಂದ ಹೊರಡಬೇಕು? ಬೀದರಿನಿಂದ ಅಂತ ಒಬ್ಬರು, ಕಲಬುರಗಿಯಿಂದ ಅಂತ ಇನ್ನೊಬ್ಬರು. ಬಾಜು ಮನೆಯ ಕಾಕಾ ಮತ್ತು ನಾನು ಮಾತ್ರ ಹುಮನಾಬಾದ್ ಅಂತ ಹಟ ಹಿಡಿದಿದ್ದೇವೆ.

ನಮ್ಮ ಊರಿಗೇ ರೈಲಿಲ್ಲ, ಪಕ್ಕದ ಊರಿನ ರೈಲಿನ ಬಗ್ಗೆ ಯಾಕಿಷ್ಟು ತಲೆ ಕೆಡಿಸಿಕೊಳ್ತೀರಿ ಅಂತ ನೀವು ಕೇಳಬಹುದು. ಮಾಮೂಲಿ ರೈಲಾಗಿದ್ದರೆ ಆ ಮಾತು ಸರಿ. ಗಂಟು ಮೂಟೆ, ಕೂಸು ಕುನ್ನಿ ಕಟ್ಟಿಕೊಂಡು ಬಸ್ಸು ಬದಲಿಸಿ ಸ್ಟೇಷನ್ ಮುಟ್ಟೋದು ಎಂಥ ಕಷ್ಟ ಅಂತ ನಮಗೆ ಗೊತ್ತು. ಆದರೆ ಕಾರಿನ ರೈಲಿಗೆ ಬರುವವನು ನಾಲ್ಕು ಗಾಲಿ ಸಮೇತ ಬರುತ್ತಾನೆ. ಅವನಿಗೆ ಸ್ಟೇಷನ್ ಮನೆ ಮುಂದೇ ಇರಬೇಕು ಅಂತಿಲ್ಲ. ಮೂವತ್ತು ಕಿಲೋಮೀಟರ್ ಅವನಿಗೆ ಒಂದು ಲೆಕ್ಕವೇ ಅಲ್ಲ. ಅವನಿಗೆ ಬೇಡವಾದದ್ದು ಊರೊಳಗಿನ ಸಂದಿಗೊಂದಿ, ಸಿಗ್ನಲ್, ಆಟೋಗಳ ನಡುವೆ ಹಿಂದೆ ಮುಂದೆ ಮಾಡುವ ಫಜೀತಿ. ಹಾಗಾಗಿ ಕಾರಿನ ರೈಲು ಯಾವ ದೇಶದಲ್ಲಿ ಹೊರಟರೂ ದೊಡ್ಡ ಊರಿನ ನಡುಮಧ್ಯೆ ಹೊರಡುವುದು ಕಡಿಮೆ. ಲಂಡನ್ನಿನಲ್ಲಿ ಸುಮಾರು ವರ್ಷ ಕಾರು ಹತ್ತಿಸುತ್ತಿದ್ದದ್ದು ಕೆನ್ಸಿಂಗ್ಟನ್ ಒಲಿಂಪಿಯಾ ಅನ್ನೋ ಕಡೆ, ವಸ್ತುಪ್ರದರ್ಶನದ ಹಾಲ್ ಪಕ್ಕದ ಸ್ಟೇಷನ್ನಿನಲ್ಲಿ. ಫಿನ್ಲೆಂಡಿನವರು ಹೆಲ್ಸಿಂಕಿಯ ಮುಖ್ಯ ಸ್ಟೇಷನ್ ಬಿಟ್ಟು ಪಾಸಿಲಾದಲ್ಲಿ ಹತ್ತಿಸುತ್ತಾರೆ.

ಆದರೆ ಊರ ಹೊರಗೆ ಇದ್ದರೆ ಸಾಕು ಅನ್ನೋದೂ ಅರ್ಧ ಮಾತೇ. ಕೋಲಾಡದ ಕತೆಯನ್ನೇ ನೋಡಿ. ಮುಂಬಯಿಯವರು ಕೇಳಿದ ಮೊದಲ ಪ್ರಶ್ನೆ, ಕೋಲಾಡ ಯಾಕೆ ಅಂತ. ಕಾರಣ ಸರಳ. ಕೊಂಕಣ ರೈಲ್ವೆಯ ಸ್ವಂತ ಹಳಿ ಶುರುವಾಗೋದೇ ರೋಹಾದಿಂದ, ಅದರ ಮುಂದಿನ ಸ್ಟೇಷನ್ ಕೋಲಾಡ. 1999ರಿಂದ ಲಾರಿಗಳನ್ನು ರೈಲಿನ ಮೇಲೆ ಹತ್ತಿಸುವ ರೋ-ರೋ ಅಲ್ಲಿಂದಲೇ ನಡೆದಿದೆ, ಹತ್ತಿಸುವ ಇಳಿಜಾರು ಕಟ್ಟೆ ಅಲ್ಲಿ ಮೊದಲೇ ಇತ್ತು. ಇದ್ದ ಜಾಗದಲ್ಲೇ ಶುರು ಮಾಡಿದರು. ರೈಲ್ವೆಯವರ ಕಣ್ಣಿನಿಂದ ನೋಡಿದರೆ ತಪ್ಪೇನೂ ಇಲ್ಲ. ಆದರೆ ಸ್ಟೇರಿಂಗ್ ಹಿಡಿದವನ ಕಣ್ಣಿನಿಂದ ನೋಡಿ. ಮುಂಬಯಿ–ಗೋವಾ ರಸ್ತೆಯಲ್ಲಿ ವರ್ಷಗಟ್ಟಲೆ ಕೆಲಸ ಮುಗಿಯದೆ ಜನರ ಸೊಂಟ ಮುರಿದದ್ದು ಪನವೇಲಿನಿಂದ ಇಂದಾಪುರದವರೆಗಿನ ತುಂಡು. ಕೋಲಾಡ ಮುಟ್ಟಬೇಕೆಂದರೆ ಆ ತುಂಡನ್ನೇ ಹೆಚ್ಚುಕಡಿಮೆ ಪೂರ್ತಿ ದಾಟಬೇಕು. ಹಬ್ಬದ ಗದ್ದಲದಲ್ಲಿ ಅಷ್ಟು ದಾಟಿದ ಮೇಲೆ ಮಧ್ಯಾಹ್ನ ಎರಡಕ್ಕೇ ಕಾರು ಒಪ್ಪಿಸಿ, ಐದರವರೆಗೆ ಕೂತು, ಆಮೇಲೆ ರೈಲು. ಇಷ್ಟು ಬಂದದ್ದಾಯ್ತು, ಉಳಿದದ್ದನ್ನೂ ಓಡಿಸಿಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ?

ಆ ಕಡೆಯ ತುದಿಯಲ್ಲೂ ಅಂಥದ್ದೇ ತೊಡಕು. ಗಣಪತಿ ಹಬ್ಬಕ್ಕೆ ಮುಂಬಯಿಯಿಂದ ಹೋಗುವವರಲ್ಲಿ ಬಹಳ ಮಂದಿಯ ಊರು ಇರೋದು ರತ್ನಾಗಿರಿ, ಸಿಂಧುದುರ್ಗದಲ್ಲಿ. ವೆರ್ಣಾ ಅಂದರೆ ಊರು ದಾಟಿ ಗೋವಾದ ಹೊಟ್ಟೆಗೆ ಹೋಗಿ, ಕಾರು ಇಳಿಸಿಕೊಂಡು ವಾಪಸ್ ಬರೋದು. 40 ಕಾರು ಹಿಡಿಯುವ ರೈಲಿಗೆ ಬುಕಿಂಗ್ ಬಹಳ ಕಡಿಮೆ ಬಂತು. ಆಮೇಲೆ ಸಿಂಧುದುರ್ಗದ ನಾಂದಗಾಂವ್ ರೋಡಿನಲ್ಲಿ ಒಂದು ನಿಲುಗಡೆ ಕೊಟ್ಟರು. ಆ ರೈಲನ್ನು ಆಡಿಕೊಳ್ಳುವವರ ಜೊತೆ ನಾನು ದನಿಗೂಡಿಸೋದಿಲ್ಲ. ನಮ್ಮ ದೇಶದಲ್ಲಿ ಅಂಥ ಕೆಲಸಕ್ಕೆ ಕೈ ಹಾಕಿದ್ದೇ ದೊಡ್ಡದು. ಎಲ್ಲಿಂದ ಹೊರಡಬೇಕು ಅನ್ನೋದು ಅರ್ಧ ಗೆಲುವು ಅಂತ ಅವರಿಂದ ನಾವು ಕಲಿತುಕೊಂಡರೆ ಸಾಕು.

ಲಾರಿಯ ರೋ-ರೋ ಅಂದೆನಲ್ಲ, ಬಾಜು ಮನೆಯ ಕಾಕಾ ಅದರಲ್ಲಿ ಹೋಗಿ ಬಂದವರು. ಅವರ ಅರ್ಧ ಆಯುಷ್ಯ ಸಸ್ತಾಪುರ ಬಂಗ್ಲಾದ ಆಟೋನಗರದಲ್ಲಿ, ಇನ್ನರ್ಧ ಲಾರಿಯ ಕ್ಯಾಬಿನ್ನಿನಲ್ಲಿ ಕಳೆದಿದೆ. ಕೋಲಾಡದಲ್ಲಿ ಹತ್ತಿ ನಮ್ಮ ಸುರತ್ಕಲ್ಲಿಗೆ ಇಳಿದ ಕತೆ ಹೇಳಲು ಕೂತರೆಂದರೆ ಚಹಾ ಎರಡನೇ ಸಲ ಬರಲೇಬೇಕು.

"ಹ್ಯಾಂಡ್ ಬ್ರೇಕ್ ಎಳ್ದು, ಗೇರಿನಾಗ ಬಿಟ್ಟು, ಗಾಲಿಗೆ ಕಟಗಿ ಅಡ್ಡ ಕೊಟ್ಟು, ಸರಪಳಿ ಬಿಗಿದ್ರ ಮುಗೀತು ತಮ್ಮಾ. ಮುಂದ ನಂದೇನು ಕೆಲ್ಸ? ಕ್ಯಾಬಿನ್ನಿನಾಗ ಕಾಲು ಚಾಚಿ ಕೂತು ದುನಿಯಾ ನೋಡೋದು" ಅನ್ನುತ್ತಾರೆ. ಆ ರೋ-ರೋದಲ್ಲಿ ಡ್ರೈವರ್, ಕ್ಲೀನರ್ ತಮ್ಮ ಲಾರಿಯೊಳಗೇ ಕೂತು ಹೋಗುತ್ತಾರೆ. ಜೀವನಪೂರ್ತಿ ರಸ್ತೆ ನೋಡುತ್ತಲೇ ಓಡಿಸಿದವರಿಗೆ ಅದೇ ಸೀಟಿನಲ್ಲಿ ಕೂತು ಸ್ಟೇರಿಂಗ್ ಮುಟ್ಟದೆ ಹೋಗೋದು ಹೇಗಾಗಿರಬೇಡ! ಮೊದಲ ಒಂದು ತಾಸು ತಿರುವು ಬಂದಾಗಲೆಲ್ಲ ಬಲಗಾಲು ತಾನಾಗೇ ಬ್ರೇಕ್ ಹುಡುಕುತ್ತಿತ್ತಂತೆ. ರತ್ನಾಗಿರಿ ಹತ್ತಿರ ಕರಬುಡೆ ಸುರಂಗ ಬಂತು, ಆರೂವರೆ ಕಿಲೋಮೀಟರ್ ಕತ್ತಲು. ಆಗಿನ್ನೂ ಡೀಸೆಲ್ ಎಂಜಿನ್, ಹೊಗೆಯೆಲ್ಲ ಒಳಗೇ. ಗ್ಲಾಸ್ ಏರಿಸಿ, ಟವೆಲ್ ಮೂಗಿಗೆ ಕಟ್ಟಿಕೊಂಡು ಕೂತರಂತೆ. ಸುರಂಗ ದಾಟಿದರೆ ಪಾನವಲ್ ಸೇತುವೆ, 64 ಮೀಟರ್ ಎತ್ತರ. ಲಾರಿಯ ಕಿಟಕಿಯಿಂದ ಕೆಳಗೆ ನೋಡಿದರೆ ತೆಂಗಿನ ಮರದ ತಲೆ ಕಾಣುತ್ತದೆ, ಬುಡ ಕಾಣೋದಿಲ್ಲ ಅಂತ ಅವರು ಹೇಳುವಾಗ ಕಾಕು ಅಡುಗೆಮನೆಯಿಂದಲೇ, "ಆವಾಗ ಮೂರು ದಿನ ಒಂದು ಫೋನ್ ಇಲ್ದಾ ಹೋಗಿದ್ರಿ, ಅದ್ನೂ ಹೇಳ್ರಿ" ಅಂತ ಕೂಗುತ್ತಾರೆ.

ಎಲ್ಲಿಗೋ ಹೋದೆ. ಕಾರಿನ ರೈಲಿನ ಮಾತು ಬಂದರೆ ಅಮೆರಿಕದ ಲಾರ್ಟನ್ ಹೆಸರು ಹೇಳದೆ ಇರಲಾಗುವುದಿಲ್ಲ. ವಾಷಿಂಗ್ಟನ್ನಿನ ದಕ್ಷಿಣಕ್ಕೆ ವರ್ಜೀನಿಯಾದಲ್ಲಿರುವ ಸಣ್ಣ ಊರು. ಅಲ್ಲಿಂದ ಫ್ಲಾರಿಡಾದ ಸ್ಯಾನ್‌ಫರ್ಡಿಗೆ ರಾತ್ರಿಯಿಡೀ ಹೋಗುವ ಆಟೋ ಟ್ರೇನ್ ಇದೆ, ಸುಮಾರು 1,376 ಕಿಲೋಮೀಟರ್. 1971ರ ಡಿಸೆಂಬರಿನಲ್ಲಿ ಯೂಜೀನ್ ಗಾರ್‌ಫೀಲ್ಡ್ ಅನ್ನುವವರ ಖಾಸಗಿ ಕಂಪನಿ ಶುರು ಮಾಡಿದ್ದು. ಬೋಗಿಗಳಿಗೆಲ್ಲ ನೇರಳೆ ಬಣ್ಣ ಬಳಿಸಿದ್ದರು. ಜನ ಮುಗಿಬಿದ್ದರು. ಅದೇ ಹುರುಪಿನಲ್ಲಿ 1974ರಲ್ಲಿ ಕೆಂಟಕಿಯ ಲೂಯಿವಿಲ್‌ನಿಂದ ಇನ್ನೊಂದು ರೈಲು ಹೊರಡಿಸಿದರು. ತಲುಪುವ ಊರು ಅದೇ, ಅದೇ ಕಂಪನಿ, ಅದೇ ಬಣ್ಣ. ಹೊರಡುವ ಊರು ಮಾತ್ರ ಬೇರೆ. ಅದು 1977ಕ್ಕೇ ನಿಂತುಹೋಯಿತು. ಕಂಪನಿಯೂ 1981ರಲ್ಲಿ ಬಾಗಿಲು ಹಾಕಿತು. ಆದರೆ ಲಾರ್ಟನ್ನಿನ ರೈಲನ್ನು 1983ರಲ್ಲಿ ಆಮ್‌ಟ್ರ್ಯಾಕ್ ಮತ್ತೆ ಎಬ್ಬಿಸಿ ಓಡಿಸಿತು, ಇವತ್ತಿಗೂ ಓಡುತ್ತಿದೆ.

ಲಾರ್ಟನ್ನಿನಲ್ಲಿ ಅಂಥದ್ದೇನಿದೆ ಅಂತೀರಾ? ಅಂಥದ್ದೇನೂ ಇಲ್ಲ! ಹಿಂದೆ ಆ ಊರಿನ ಹೆಸರು ಕೇಳಿದರೆ ಜನಕ್ಕೆ ನೆನಪಾಗುತ್ತಿದ್ದದ್ದು ವಾಷಿಂಗ್ಟನ್ನಿನ ಕೈದಿಗಳನ್ನು ಇಡುವ ಜೈಲು, ಅದು 2001ರಲ್ಲಿ ಮುಚ್ಚಿತು. ಸ್ಯಾನ್‌ಫರ್ಡ್ ಹಿಂದೆ ಸೆಲೆರಿ ಸೊಪ್ಪು ಬೆಳೆಯಲು ಹೆಸರಾದ ಊರು. ಜೈಲಿನ ಊರಿನಿಂದ ಸೊಪ್ಪಿನ ಊರಿಗೆ ಕಾರಿನ ರೈಲು. ನ್ಯೂಯಾರ್ಕಿನ ಮಂದಿ ನಾನೂರು ಕಿಲೋಮೀಟರ್ ಆಸುಪಾಸು ಕಾರು ಓಡಿಸಿಕೊಂಡು ಬಂದು ಇಲ್ಲಿ ಹತ್ತುತ್ತಾರೆ. ನ್ಯೂಯಾರ್ಕಿನಿಂದಲೇ ಯಾಕೆ ಹೊರಡಿಸಲಿಲ್ಲ ಅಂದರೆ, ಕಾರುಗಳನ್ನು ಮಹಡಿ ಮೇಲೆ ಮಹಡಿ ಪೇರಿಸುವ ಆ ವ್ಯಾಗನ್‌ಗಳು ಬಹಳ ಎತ್ತರ. ವಾಷಿಂಗ್ಟನ್, ಬಾಲ್ಟಿಮೋರಿನ ಹಳೇ ಸುರಂಗಗಳಲ್ಲಿ ತಲೆ ತಾಗುತ್ತದೆ. ಆ ಸುರಂಗಗಳು ಮುಗಿದ ಮೇಲೇ ಶುರು ಮಾಡಬೇಕಾಯಿತು. ಹಾಗಂತ ಜನ ಬೇಸರಪಡಲಿಲ್ಲ, ಯಾಕೆಂದರೆ ಲಾರ್ಟನ್ ಮುಟ್ಟಿದಾಗ ಉಳಿದ ದಾರಿ ಬಂದ ದಾರಿಗಿಂತ ಮೂರು ಪಟ್ಟಿಗೂ ಹೆಚ್ಚು. ಕೋಲಾಡದಲ್ಲಿ ಕೊರತೆಯಾದದ್ದು ಇದೇ ನೋಡಿ. ಹೊರಡುವ ಸ್ಟೇಷನ್ ಎಷ್ಟು ದೂರ ಅನ್ನೋದಕ್ಕಿಂತ ಅಲ್ಲಿಂದ ಮುಂದೆ ಎಷ್ಟು ಉಳಿಯುತ್ತೆ ಅನ್ನೋದರ ಮೇಲೆ ಮನಸ್ಸು ತೀರ್ಮಾನ ಮಾಡುತ್ತೆ.

ಲಾರ್ಟನ್ನಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಕಾರು ಒಪ್ಪಿಸುವಾಗ ಅದರ ಬಾಗಿಲಿಗೆ ಅಯಸ್ಕಾಂತದ ನಂಬರ್ ಫಲಕ ಅಂಟಿಸುತ್ತಾರೆ. ಮರುದಿನ ಇಳಿದ ಮೇಲೆ ಎಲ್ಲರೂ ಸ್ಟೇಷನ್ನಿನಲ್ಲಿ ಕಿವಿ ನೆಟ್ಟು ಕೂರುತ್ತಾರೆ, ನಂಬರ್ ಕೂಗಿದವರು ಎದ್ದು ಹೋಗಿ ಕೀಲಿ ತಿರುಗಿಸಿ ಹೊರಡುತ್ತಾರೆ. ಮೊದಲು ಕೊಟ್ಟವನ ಕಾರು ಮೊದಲು ಬರುತ್ತದೆ ಅನ್ನೋ ಭರವಸೆ ಇಲ್ಲ. ಬೇಗ ಬೇಕೆಂದರೆ ಅದಕ್ಕೆ ಬೇರೆ ದುಡ್ಡು. ನಮ್ಮ ಮಾಣಿಕನಗರದ ಜಾತ್ರೆಯಲ್ಲಿ ಚಪ್ಪಲಿ ಬಿಟ್ಟ ಕಡೆ ಚೀಟಿ ಹಿಡಿದು ನಿಂತಂತೆಯೇ ಅಲ್ವಾ? ಇನ್ನೊಂದು ಸೋಜಿಗ ಏನೆಂದರೆ ಲಾರ್ಟನ್ನಿನ ರೈಲೂ ಸಂಜೆ ಐದಕ್ಕೇ ಹೊರಡುತ್ತದೆ, ಕೋಲಾಡದ್ದೂ ಐದಕ್ಕೇ ಹೊರಡುತ್ತಿತ್ತು. ಒಬ್ಬರನ್ನು ನೋಡಿ ಇನ್ನೊಬ್ಬರು ಇಟ್ಟ ಹೊತ್ತಲ್ಲ ಅದು ಅಂತ ನನ್ನ ಅನಿಸಿಕೆ. ಬೆಳಿಗ್ಗೆ ಎದ್ದು ಓಡಿಸಿಕೊಂಡು ಬಂದವನು ಮಧ್ಯಾಹ್ನಕ್ಕೆ ಮುಟ್ಟುತ್ತಾನೆ, ಹತ್ತಿಸಿ ಕಟ್ಟಲು ಎರಡು ಮೂರು ತಾಸು ಬೇಕು, ರಾತ್ರಿ ನಿದ್ದೆಯಲ್ಲಿ ಹೋಗಬೇಕು. ಹಗಲಿನ ಲೆಕ್ಕವೇ ಐದಕ್ಕೆ ತಂದು ನಿಲ್ಲಿಸುತ್ತದೆ.

ನಮ್ಮ ಕಡೆಗೂ ಒಂದು ರೋ-ರೋ ಬಂದಿತ್ತು, ನೆನಪಿದೆಯಲ್ಲ? 2020ರ ಆಗಸ್ಟ್ 30, ಯಡಿಯೂರಪ್ಪನವರು ಮುಖ್ಯಮಂತ್ರಿ. ನೆಲಮಂಗಲದಲ್ಲಿ ಹಸಿರು ನಿಶಾನೆ ತೋರಿಸಿ ಸೊಲ್ಲಾಪುರದ ಬಗಲಿನ ಬಾಳೆಗೆ ಲಾರಿಗಳ ರೈಲು ಕಳಿಸಿದರು. 682 ಕಿಲೋಮೀಟರ್, ಒಂದು ಸಲಕ್ಕೆ 42 ಲಾರಿ. ಧರ್ಮಾವರಂ, ಗುಂತಕಲ್ಲು, ರಾಯಚೂರು, ವಾಡಿ ದಾಟಿ ಕಲಬುರಗಿಯ ಮುಂದಿನಿಂದಲೇ ಹೋಗುವ ದಾರಿ. ಅಂದರೆ ನಾನು ಹೇಳುವ ರೈಲಿನ ದಾರಿಯ ಬಹುಪಾಲು ಆಗಲೇ ಪರೀಕ್ಷೆ ಆಗಿಹೋಗಿದೆ. ಕಾರಿಗಿಂತ ಎಷ್ಟೋ ಎತ್ತರದ ಲಾರಿಗಳೇ ಕರೆಂಟ್ ತಂತಿಯ ಕೆಳಗೆ ಹಾಯ್ದು ಹೋಗಿವೆ. ನೆಲಮಂಗಲ ಮತ್ತು ಬಾಳೆ, ಆ ಎರಡು ಹೆಸರು ಆರಿಸಿದವರ ಜಾಣತನಕ್ಕೆ ಕಾಕಾ ಈಗಲೂ ತಲೆದೂಗುತ್ತಾರೆ. "ಬೆಂಗ್ಳೂರಿಗೆ ಹೊಗಲೇ ಬಾರ್ದು, ಸೊಲ್ಲಾಪುರಕ್ಕೂ ಹೊಗಲೇ ಬಾರ್ದು. ಎರಡೂ ಕಡಿ ಹೈವೇದಾಗಿಂದ ಸೀದಾ ಹತ್ತೋದು, ಸೀದಾ ಇಳಿಯೋದು. ಲಾರಿ ಹೊಡೆದಾಂವ ಕೂತು ಬರೆದಂಗದ ನೋಡು."

ಹಾಗಾದರೆ ನಾವೂ ಬಾಳೆಗೇ ಹೋಗಿ ಹತ್ತಬಹುದಲ್ಲ? ಹತ್ತಬಹುದು, ಆದರೆ ಕಲ್ಯಾಣದಿಂದ ಸೊಲ್ಲಾಪುರಕ್ಕೆ ನೂರು ಕಿಲೋಮೀಟರಿನ ಮೇಲಾಗುತ್ತದೆ, ಅದೂ ಬೆಂಗಳೂರಿಗೆ ಬೆನ್ನು ತಿರುಗಿಸಿಕೊಂಡು. ಮುಂದೆ ಹೋಗಬೇಕಾದವನನ್ನು ಹಿಂದಕ್ಕೆ ಕರೆದರೆ ಅವನು ಬರೋದಿಲ್ಲ, ಸಿಂಧುದುರ್ಗದವರು ಅದನ್ನು ತೋರಿಸಿಕೊಟ್ಟಿದ್ದಾರೆ. ಬೀದರಿಗೆ ಹೋಗೋದೂ ನಮಗೆ ಅದೇ ಥರ. ಬೀದರಿನವರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಅವರಿಗೆ ನಿಜಾಮರ ಕಾಲದಿಂದಲೇ ರೈಲುಂಟು, ಜಿಲ್ಲೆಯ ಮುಖ್ಯ ಊರು, ಎಲ್ಲ ಸರಿ. ಆದರೆ ಬೀದರಿನವನು ಕಾರು ತೆಗೆದುಕೊಂಡು ಕಲಬುರಗಿ ಮೇಲಿಂದ ಬೆಂಗಳೂರಿಗೆ ಹೊರಟರೆ ಹೇಗೂ ಹುಮನಾಬಾದಿನ ಮೇಲೇ ಬರುತ್ತಾನಲ್ಲ! ಅವನಿಗೆ ದಾರಿಯಲ್ಲೇ ಸಿಗುವ ಊರು ಅದು. ಕಲಬುರಗಿಯಂತೂ ದೊಡ್ಡ ಊರು, ಸ್ಟೇಷನ್ ಊರೊಳಗೆ. ಇರುವ ಪ್ಲಾಟ್‌ಫಾರ್ಮುಗಳಲ್ಲಿ ಇರುವ ರೈಲುಗಳೇ ಸಾಲುಗಟ್ಟಿ ಬರುತ್ತವೆ. ಅಲ್ಲಿ ಒಂದು ಹಳಿಯನ್ನು ಮೂರು ತಾಸು ಕಾರು ಹತ್ತಿಸಲಿಕ್ಕೆ ಬಿಟ್ಟುಕೊಡಿ ಅಂದರೆ ಯಾವ ಸ್ಟೇಷನ್ ಮಾಸ್ತರರು ಒಪ್ಪುತ್ತಾರೆ?

ಹುಮನಾಬಾದ್ ನೋಡಿ. ಪುಣೆ, ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ 65 ಅಲ್ಲಿ ಹಾಯುತ್ತದೆ. ನಾಂದೇಡ, ಬೀದರಿನಿಂದ ಕಲಬುರಗಿ, ವಿಜಯಪುರ, ಹೊಸಪೇಟೆ ದಾಟಿ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿ 50 ಕೂಡ ಅಲ್ಲೇ ಬಂದು ಕೂಡುತ್ತದೆ. ಎರಡು ಹೆದ್ದಾರಿ ಕೂಡಿದ ಊರಿಗೆ 1990ರ ದಶಕದಲ್ಲಿ ಮಂಜೂರಾದ ಬೀದರ್–ಕಲಬುರಗಿ ರೈಲು ಮಾರ್ಗವೂ ಬಂತು. ನಮ್ಮ ಹಿರಿಯರು ಅದಕ್ಕಾಗಿ ಕಾಯ್ದು ಕಾಯ್ದು ಕೂದಲು ಬೆಳ್ಳಗೆ ಮಾಡಿಕೊಂಡರು. ಕೊನೆಗೆ 2017ರ ಅಕ್ಟೋಬರ್ 29ಕ್ಕೆ ಪ್ರಧಾನಿ ಮೋದಿಯವರು ಬೀದರಿಗೆ ಬಂದು ಉದ್ಘಾಟಿಸಿದರು. ಕಲ್ಯಾಣದವರು, ಭಾಲ್ಕಿಯವರು, ಚಿಟಗುಪ್ಪದವರು, ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾದವರು, ತೆಲಂಗಾಣದ ಜಹೀರಾಬಾದಿನವರು, ಎಲ್ಲರಿಗೂ ಹುಮನಾಬಾದ್ ಒಂದು ತಾಸು, ಹೆಚ್ಚೆಂದರೆ ಒಂದೂವರೆ ತಾಸಿನ ದಾರಿ. ಅಲ್ಲಿಂದ ಮುಂದೆ ಬೆಂಗಳೂರಿಗೆ ಉಳಿಯೋದು ಆರು ನೂರು ಕಿಲೋಮೀಟರಿನ ಮೇಲೆ. ಲಾರ್ಟನ್ನಿನ ಲೆಕ್ಕಕ್ಕೆ ಹಿಡಿದು ನೋಡಿದರೂ ಹುಮನಾಬಾದ್ ಗೆಲ್ಲುತ್ತದೆ.

ಸುರಂಗದ ಮಾತೂ ಬರುತ್ತದೆ. ಹುಮನಾಬಾದಿನಿಂದ ಕಲಬುರಗಿಗೆ ಹೋಗುವಾಗ ಕಮಲಾಪುರದ ಕಡೆ ಮರಗುತ್ತಿ ಸುರಂಗ ಇದೆ, ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ್ದು. ಆ ಮಾರ್ಗ ತಡವಾಗಲಿಕ್ಕೆ ಅದೂ ಒಂದು ಕಾರಣ ಅಂತ ಆಗ ಎಲ್ಲರ ಬಾಯಲ್ಲೂ ಇತ್ತು. ಅಮೆರಿಕದ ಥರ ನಮ್ಮ ಕಾರುಗಳಿಗೂ ತಲೆ ತಾಗಿದರೆ ಗತಿ ಏನು ಅಂತ ಓಣಿಯ ಒಬ್ಬ ಹುಡುಗ ಕೇಳಿದ, ಎಂಜಿನಿಯರಿಂಗ್ ಓದುವವನು. ಒಳ್ಳೆಯ ಪ್ರಶ್ನೆ. ಆದರೆ ಕೊಂಕಣದವರು ಮಾಡಿದ ಹಾಗೆ ಒಂದೇ ಮಹಡಿ ಇಟ್ಟುಕೊಂಡು, ವ್ಯಾಗನ್ನಿಗೆ ಎರಡೇ ಕಾರು ನಿಲ್ಲಿಸಿದರೆ, ಕಾರಿನ ನೆತ್ತಿ ಮಾಮೂಲಿ ಪ್ಯಾಸೆಂಜರ್ ಬೋಗಿಯ ಸೂರಿಗಿಂತ ಕೆಳಗೇ ಉಳಿಯುತ್ತದೆ. ಬೋಗಿ ಹೋಗುವ ಸುರಂಗದಲ್ಲಿ ಅದೂ ಹೋಗುತ್ತದೆ. ಇಪ್ಪತ್ತು ವ್ಯಾಗನ್ನಿಗೆ ನಲವತ್ತು ಕಾರು. ನಮಗೆ ಶುರುವಿಗೆ ಅಷ್ಟು ಧಾರಾಳ ಆಯಿತು.

ವ್ಯಾಗನ್ ಅಂದ ಕೂಡಲೇ ನೆನಪಾಯಿತು. ಕಾರ್ಖಾನೆಯಿಂದ ಹೊಸ ಕಾರುಗಳನ್ನು ಒಯ್ಯಲು ರೈಲ್ವೆಯವರು ಒಂದು ಥರದ ಬೋಗಿ ಇಟ್ಟಿದ್ದಾರೆ, ಎನ್‌ಎಂಜಿ ಅಂತ ಹೆಸರು. ಯಾವತ್ತಾದರೂ ಸ್ಟೇಷನ್ನಿನಲ್ಲಿ ಕಂಡರೆ ಗಮನವಿಟ್ಟು ನೋಡಿ. ಅವು ಹೊಸ ಬೋಗಿಗಳಲ್ಲ. ಜನರನ್ನು ಹೊತ್ತು ಹೊತ್ತು ವಯಸ್ಸಾದ ಹಳೇ ನೀಲಿ ಬೋಗಿಗಳ ಸೀಟು ಕಿತ್ತು, ಕಿಟಕಿಗಳಿಗೆ ತಗಡು ಹೊಡೆದು, ಎರಡೂ ತುದಿಯಲ್ಲಿ ಅಗಲ ಬಾಗಿಲು ಇಟ್ಟಿರುತ್ತಾರೆ. ಕಾರು ಒಂದು ತುದಿಯಿಂದ ಹೊಕ್ಕು ಬೋಗಿಯಿಂದ ಬೋಗಿಗೆ ದಾಟುತ್ತಾ ಮುಂದಕ್ಕೆ ಹೋಗಿ ನಿಲ್ಲುತ್ತದೆ. ಒಂದು ಕಾಲಕ್ಕೆ ನಾವೇ ಬುತ್ತಿ ಬಿಚ್ಚಿ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ತಿಂದ ಬೋಗಿಯಲ್ಲಿ ಈಗ ಕಾರು ಕೂತು ಹೋಗುತ್ತಿರಬಹುದು. ಮುಚ್ಚಿದ ಬೋಗಿಯಾದ್ದರಿಂದ ಧೂಳು, ಮಳೆ, ಕಲ್ಲೇಟು ಯಾವುದೂ ಇಲ್ಲ. ನನ್ನನ್ನು ಕೇಳಿದರೆ ನಮ್ಮ ರೈಲಿಗೂ ಇವನ್ನೇ ಕೊಡಿ ಅಂತೀನಿ. ವಾಡಿ ಕಡೆಯ ಸಿಮೆಂಟ್ ಧೂಳು ಕಾರಿನ ಮೇಲೆ ಬೀಳದಿದ್ದರೆ ಅರ್ಧ ಮಂದಿ ಆ ಒಂದು ಕಾರಣಕ್ಕೇ ಒಪ್ಪಿಬಿಡುತ್ತಾರೆ.

ಹಿಂದೆ ನಮ್ಮ ಅಣ್ಣನಿಗೆ ಬೆಂಗಳೂರಿನಲ್ಲಿ ನೌಕರಿಯಾದಾಗ ಅವನ ಸ್ಕೂಟರನ್ನು ಕಲಬುರಗಿಯಿಂದ ಪಾರ್ಸೆಲ್ ಮಾಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಟಾಂಕಿಯ ಪೆಟ್ರೋಲ್ ಪೂರ್ತಿ ಬಸಿದರು. ಒಂದು ಹನಿ ಉಳಿಯಬಾರದು, ಅದು ನಿಯಮ. ಆಮೇಲೆ ಪ್ಯಾಕಿಂಗ್ ಮಾಡುವವನು ಬಂದ. ಕಂಕುಳಲ್ಲಿ ಗೋಣಿತಟ್ಟು, ಹಲ್ಲಿನ ನಡುವೆ ದಬ್ಬಣ. ಹೆಡ್‌ಲೈಟಿಗೆ ಹುಲ್ಲಿನ ಮೆತ್ತೆ ಇಟ್ಟು, ಹ್ಯಾಂಡಲ್ಲಿಗೆ ಗೋಣಿ ಸುತ್ತಿ, ಸುತಳಿ ಎಳೆದೆಳೆದು ಹೊಲಿದ ನೋಡಿ, ಸ್ಕೂಟರಿನ ಗುರುತೇ ಸಿಗದ ಹಾಗಾಯಿತು. ರಟ್ಟಿನ ಮೇಲೆ ಹೆಸರು, ಊರು ಬರೆದು ತಂತಿಯಿಂದ ಕಟ್ಟಿದ. ಕನ್ನಡಿ ಎರಡನ್ನೂ ಬಿಚ್ಚಿ ನಮ್ಮ ಅವ್ವ ತನ್ನ ಸೀರೆಗಳ ನಡುವೆ ಇಟ್ಟುಕೊಂಡು ಹೋದಳು. ಅಷ್ಟು ಮಾಡಿ ಕಳಿಸುವಷ್ಟು ತಮ್ಮ ಗಾಡಿಯ ಮೇಲೆ ಜನರಿಗೆ ಜೀವ ಇರುತ್ತದೆ. ಗಾಡಿಯೂ ಜೊತೆಗೇ ಬರಲಿ ಅನ್ನೋ ಆಸೆ ಶ್ರೀಮಂತರ ಖಯಾಲಿ ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ.

ನಮ್ಮ ಕಡೆಯವರಿಗೆ ಊರಿಗೆ ಬಂದಾಗ ಕಾರು ಯಾಕೆ ಬೇಕು ಅಂತ ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಾಗೋದಿಲ್ಲ. ಕೊಂಕಣದವರಿಗೆ ಗಣಪತಿ ಹಬ್ಬ ಹೇಗೋ ನಮಗೆ ಎಳ್ಳ ಅಮಾವಾಸ್ಯೆ ಹಾಗೆ. ಪುಣೆ, ಹೈದರಾಬಾದ್, ಬೆಂಗಳೂರು, ಎಲ್ಲಿದ್ದರೂ ಮಕ್ಕಳು ಬಂದೇ ಬರಬೇಕು. ಹಿಂದಿನ ರಾತ್ರಿಯೆಲ್ಲ ಮನೆಮನೆಯಲ್ಲಿ ಭಜ್ಜಿ ಕುದಿಯುತ್ತದೆ. ಅವರೆ, ತೊಗರಿ, ವಟಾಣಿ, ಶೇಂಗಾ, ಸಿಕ್ಕ ಸೊಪ್ಪೆಲ್ಲ ಹಾಕಿ, ಹುಣಸೆಹುಳಿ, ಕಡಲೆಹಿಟ್ಟು ಕಲಸಿ ಮಾಡುವ ಭಜ್ಜಿ. ಬೆಳಗಾದರೆ ಭಜ್ಜಿಯ ಪಾತ್ರೆ, ಅಂಬಲಿಯ ಗಡಿಗೆ, ಸಜ್ಜಿ ರೊಟ್ಟಿಯ ಗಂಟು, ಹೋಳಿಗೆಯ ಡಬ್ಬಿ, ಮುದುಕರು, ಕೂಸುಗಳು, ಎಲ್ಲ ಹೊಲಕ್ಕೆ ಹೋಗಬೇಕು. ಹೊಲಕ್ಕೆ ಬಸ್ಸು ಹೋಗುತ್ತದೆಯೇ? ಹೊಲದಲ್ಲಿ ಪಾಂಡವರನ್ನು ಪೂಜಿಸಿ, ಚರಗ ಚೆಲ್ಲಿ, ಗಿಡದ ನೆರಳಿನಲ್ಲಿ ಊಟ ಮಾಡಿ, ಅಲ್ಲಿಂದ ಇನ್ನೊಬ್ಬ ಬೀಗರ ಹೊಲಕ್ಕೆ. ಆ ಒಂದು ದಿನ ಕಾರಿಲ್ಲದವನು ಯಾರದೋ ಟ್ರ್ಯಾಕ್ಟರಿಗೆ ಕಾಯುತ್ತಾ ಕೂರಬೇಕು. ಅದಕ್ಕೇ ಹುಡುಗರು ಹಿಂದಿನ ದಿನ ಆಫೀಸು ಮುಗಿಸಿ ರಾತ್ರಿಯಿಡೀ ಬೆಂಗಳೂರಿನಿಂದ ತಾವೇ ಓಡಿಸಿಕೊಂಡು ಬರುತ್ತಾರೆ. ಇತ್ತ ತಾಯಂದಿರು ಬೆಳಗಿನ ಜಾವದವರೆಗೆ ಫೋನ್ ಕೈಯಲ್ಲೇ ಹಿಡಿದು ಕೂತಿರುತ್ತಾರೆ. ಕಾಕು ಕೂತಿದ್ದನ್ನು ನಾನೇ ನೋಡಿದ್ದೇನೆ. ಒಲೆಯ ಮೇಲೆ ಭಜ್ಜಿ, ಕಿವಿ ರಸ್ತೆಯ ಕಡೆ. ರೈಲಿನಲ್ಲಿ ಮಲಗಿ ಬಂದು, ಹುಮನಾಬಾದಿನಲ್ಲಿ ಇಳಿದು, ಕಣ್ಣು ತಿಳಿಯಾಗಿ ಮೂವತ್ತು ಕಿಲೋಮೀಟರ್ ಓಡಿಸಿಕೊಂಡು ಮನೆಗೆ ಬಂದರೆ ಎಷ್ಟು ಜೀವಕ್ಕೆ ನೆಮ್ಮದಿ ಹೇಳಿ.

ಕಾರು ಹತ್ತಿಸುವ ಕೆಲಸಕ್ಕೆ ಕೈಗಳು ಬೇಡವೇ? ಆ ಕೈಗಳು ಕಲ್ಯಾಣದಲ್ಲಿವೆ. ಆಟೋನಗರದಲ್ಲಿ ಒಂದು ಮಧ್ಯಾಹ್ನ ಸುಮ್ಮನೆ ನಿಂತು ನೋಡಿ. ಗೇಣು ಜಾಗದಲ್ಲಿ ಹತ್ತು ಗಾಲಿಯ ಲಾರಿಯನ್ನು ಹಿಂದಕ್ಕೆ ತಂದು ಕರಾರುವಾಕ್ಕಾಗಿ ಗ್ಯಾರೇಜಿನ ಬಾಗಿಲಿಗೆ ನಿಲ್ಲಿಸುವ ಹುಡುಗರಿದ್ದಾರೆ. ಗಾಲಿಗೆ ಅಡ್ಡ ಕೊಡುವುದು, ಪಟ್ಟಿ ಬಿಗಿಯುವುದು, ಬಂಪರಿಗೆ ಗೀರು ಬೀಳದ ಹಾಗೆ ಎರಡು ಬೆರಳಿನ ಸಂದಿನಲ್ಲಿ ನಿಲ್ಲಿಸುವುದು, ಇದೆಲ್ಲ ಅವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಒಂದು ಕಾಲಕ್ಕೆ ಕಾಶ್ಮೀರದಿಂದ ಮೋಳಿಗೆ ಮಾರಯ್ಯ, ಸೌರಾಷ್ಟ್ರದಿಂದ ಆದಯ್ಯನಂಥ ಶರಣರು ಹುಡುಕಿಕೊಂಡು ಬಂದರು ಅಂತ ಹೇಳುವ ಊರಿಗೆ ಈಗ ಒಂದು ಹಳಿ ಕೂಡ ಬಂದಿಲ್ಲ ಅನ್ನೋದು ನಮ್ಮೆಲ್ಲರ ಹೊಟ್ಟೆಯೊಳಗಿನ ಸಂಕಟ. ಹಳಿ ಬರುವಾಗ ಬರಲಿ. ಅಲ್ಲಿವರೆಗೆ ಕಲ್ಯಾಣದವನು ತನ್ನ ಮನೆ ಬಾಗಿಲಲ್ಲಿ ಕಾರು ಹತ್ತಿ ಬೆಂಗಳೂರಿನಲ್ಲಿ ಮಗನ ಮನೆ ಬಾಗಿಲಲ್ಲಿ ಇಳಿಯುವಂತಾದರೆ, ರೈಲು ನಮ್ಮ ಊರಿಗೂ ಬಂದ ಲೆಕ್ಕವೇ.

ಆ ಕಡೆಯ ತುದಿ ಎಲ್ಲಿ ಅನ್ನೋದರಲ್ಲಿ ಕಾಕಾಗೂ ನನಗೂ ಜಗಳವಿಲ್ಲ, ನೆಲಮಂಗಲವೇ. ಯಶವಂತಪುರದೊಳಗೆ ಕಾರು ಇಳಿಸಿ, ಬೆಳಿಗ್ಗೆ ಎಂಟರ ಹೊತ್ತಿಗೆ ಆ ಗದ್ದಲದಲ್ಲಿ ಬಿಟ್ಟರೆ ರಾತ್ರಿಯ ನಿದ್ದೆಯೆಲ್ಲ ಅಲ್ಲೇ ನೀರಾಗುತ್ತದೆ. ಲಾರಿ ಹತ್ತಿಸಿದ ಕಟ್ಟೆ ನೆಲಮಂಗಲದಲ್ಲಿ ಹೇಗೂ ಇದೆ. ಜಗಳ ಇರೋದು ವಾರದ ಲೆಕ್ಕದಲ್ಲಿ. ದಿನಾ ಬೇಕು ಅಂತ ಅವರು. ಶುಕ್ರವಾರ ಬೆಂಗಳೂರಿನಿಂದ, ಭಾನುವಾರ ಹುಮನಾಬಾದಿನಿಂದ ಒಂದೊಂದು ರೈಲು, ಹಬ್ಬಕ್ಕೆ ಹೆಚ್ಚುವರಿ, ಅಷ್ಟರಿಂದ ಶುರುವಾಗಲಿ ಅಂತ ನಾನು. ಖಾಲಿ ವ್ಯಾಗನ್ ಓಡಿಸಿ ನಷ್ಟ ತೋರಿಸಿ ನಿಲ್ಲಿಸೋದಕ್ಕಿಂತ ತುಂಬಿದ ಎರಡೇ ರೈಲು ವಾಸಿ ಅಲ್ವಾ?

ರೈಲ್ವೆಯವರು ಸರ್ವೆಗೆ ಬಂದರೆ ಅವರಿಗೆ ನಮ್ಮದೊಂದೇ ಕೋರಿಕೆ. ಯಾವುದೋ ಆಷಾಢದ ಮಂಗಳವಾರ ಬಂದು ಹುಮನಾಬಾದಿನ ಕೂಡುರಸ್ತೆಯಲ್ಲಿ ನಿಂತು ಕಾರು ಎಣಿಸಬೇಡಿ. ಎಳ್ಳ ಅಮಾವಾಸ್ಯೆಯ ಹಿಂದಿನ ರಾತ್ರಿ ಬನ್ನಿ, ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಯ ವಾರ ಬನ್ನಿ, ದೀಪಾವಳಿ ಮುಗಿದ ಭಾನುವಾರ ಬನ್ನಿ. ಕೆಎ 01ರಿಂದ 05ರವರೆಗಿನ ಬೆಂಗಳೂರಿನ ನಂಬರ್ ಪ್ಲೇಟುಗಳು ಎಷ್ಟು ಹಾಯ್ದು ಹೋಗುತ್ತವೆ ಅಂತ ಬರೆದುಕೊಳ್ಳಿ. ಊಟಕ್ಕೆ ಕಾಕುವಿನ ಭಜ್ಜಿ ಇದ್ದೇ ಇರುತ್ತದೆ, ಡಬ್ಬಿ ಕಟ್ಟಿ ಕಳಿಸುವ ಜವಾಬ್ದಾರಿ ನನ್ನದು.